ತಲೆಕೆಳಗಾಗಿ ನಿಂತಿದ್ದ ಎಂಜಿನ್ನು

ಜಪಾನಿಗೆ ಹೋಗಿ ಬಂದ ಮೇಲೆ ಚಳ್ಳಕೆರೆಯಲ್ಲಿ ನನ್ನನ್ನು ಕಂಡವರೆಲ್ಲ ಬುಲೆಟ್ ರೈಲು ಹತ್ತಿದಿರಾ ಎಂದೇ ಕೇಳುತ್ತಾರೆ. ಹತ್ತಿದೆ. ಕೂತ ಹತ್ತು ನಿಮಿಷಕ್ಕೆ ನಿದ್ದೆ ಬಂತು. ಇಳಿಯುವ ಊರು ಬಂದಾಗ ಜೊತೆಗೆ ಬಂದಿದ್ದ ಗೆಳೆಯ ಓಬಯ್ಯ ಭುಜ ಅಲ್ಲಾಡಿಸಿ ಎಬ್ಬಿಸಿದ. ಆ ರೈಲಿನ ಬಗ್ಗೆ ಹೇಳಲು ನನ್ನ ಹತ್ತಿರ ಅಷ್ಟೇ ಇರುವುದು. ನಾನು ಹೋಗಿದ್ದು ಎಂಬತ್ತು ವರ್ಷದಿಂದ ಜಾಮ್ ಆಗಿ ಕೂತಿದ್ದ ಒಂದು ಎಂಜಿನ್ನನ್ನು ಬಿಡಿಸುವುದಕ್ಕೆ. ಅದರ ಕಥೆಯನ್ನಾದರೆ ಪೂರ್ತಿ ಹೇಳಬಲ್ಲೆ.

ಬಿ.ಜಿ. ಕೆರೆ

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ನನ್ನದೊಂದು ಮೆಕ್ಯಾನಿಕ್ ಶೆಡ್ಡಿದೆ. ಪಂಪ್‌ಸೆಟ್ಟು, ಟ್ರ್ಯಾಕ್ಟರು, ಎಣ್ಣೆ ಮಿಲ್ಲಿನ ಹಳೆಯ ಎಂಜಿನ್ನು, ಏನು ಬಂದರೂ ಬಿಚ್ಚುತ್ತೇನೆ. ಹೆಸರು ನಜೀರ್. ಮನೆಯಲ್ಲಿ ಉರ್ದು, ಶೆಡ್ಡಿನಲ್ಲಿ ಕನ್ನಡ, ಮೊಳಕಾಲ್ಮೂರು ಕಡೆಯ ಗಿರಾಕಿ ಬಂದರೆ ಅರ್ಧ ತೆಲುಗು.

ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆ ಮಧ್ಯಾಹ್ನ ಬಿ.ಜಿ. ಕೆರೆ ಎಂಬ ಹಳ್ಳಿಯಿಂದ ಓಬಯ್ಯನ ಫೋನು ಬಂತು. ಓಬಯ್ಯ ಕುರಿ ಸಾಕುವವನು. ಅವನ ಹೊಲದ ಮೋಟಾರು ಕೆಟ್ಟಾಗಲೆಲ್ಲ ನಾನೇ ಹೋಗುತ್ತಿದ್ದರಿಂದ ಬೆಳೆದ ಸ್ನೇಹ.

"ನಜೀರಣ್ಣ, ನಮ್ಮ ಬೇವಿನ ಮರದ ಕೆಳಗೆ ಒಬ್ಬ ಜಪಾನ್ ಮನ್ಷ ಕುಂತಾನೆ. ಅವನ ಕಾರು ಕೆಟ್ಟೈತೆ. ಮಜ್ಜಿಗೆ ಕೊಟ್ಟೀನಿ, ಕುಡಿದ. ಉಳಿದಿದ್ದು ನಿನ್ನ ಕೆಲಸ."

ಆ ಮನುಷ್ಯ ಮೊರಿತಾ. ಅರವತ್ತು ದಾಟಿದ, ತೆಳ್ಳಗಿನ ಮೇಷ್ಟ್ರು. ತಮ್ಮ ದೇಶದ ತಾಂತ್ರಿಕ ಶಾಲೆಯೊಂದರಲ್ಲಿ ಲೇತು ಕೆಲಸ ಕಲಿಸಿ ನಿವೃತ್ತರಾದವರು. ಬ್ರಹ್ಮಗಿರಿಯ ಅಶೋಕನ ಶಾಸನ ನೋಡಲು ಹೊರಟಿದ್ದರು. ಬಾಡಿಗೆ ಕಾರಿನ ಎಣ್ಣೆ ಫಿಲ್ಟರಿನ ಬುಡದಲ್ಲಿ ಪ್ಯಾಕಿಂಗ್ ಕಿತ್ತುಹೋಗಿ ಎಣ್ಣೆಯೆಲ್ಲ ರಸ್ತೆಗೆ ಸುರಿದಿತ್ತು. ಆ ಹೊತ್ತಿನಲ್ಲಿ ಹೊಸದನ್ನು ಎಲ್ಲಿಂದ ತರುವುದು? ಓಬಯ್ಯನ ಮನೆಯ ಗೋಡೆಗೆ ಸಿಕ್ಕಿಸಿದ್ದ ದಪ್ಪನೆಯ ಮದುವೆ ಕಾರ್ಡೊಂದನ್ನು ಇಸಿದುಕೊಂಡು, ಸುತ್ತಿಗೆಯಿಂದ ಅಂಚಿಗೆ ಮೆಲ್ಲಗೆ ಬಡಿದು ಅಳತೆಗೆ ಕತ್ತರಿಸಿ ಕೂರಿಸಿ, ಶೆಡ್ಡಿನಿಂದ ತಂದಿದ್ದ ಎಣ್ಣೆ ತುಂಬಿದೆ. ಮೊರಿತಾ ಪ್ಯಾಂಟು ಮಣ್ಣಾಗುವುದನ್ನೂ ಲೆಕ್ಕಿಸದೆ ನನ್ನ ಪಕ್ಕದಲ್ಲೇ ಮಂಡಿಯೂರಿ ಕೂತು ಕೊನೆಯವರೆಗೆ ನೋಡಿದರು. ಕಾರು ಬ್ರಹ್ಮಗಿರಿಗೂ ಹೋಯಿತು, ಬಳ್ಳಾರಿಯನ್ನೂ ಮುಟ್ಟಿತು.

ಆಮೇಲೆ ಕಾಗದಗಳು ಬರತೊಡಗಿದವು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಶೆಡ್ಡಿನ ಮಟ್ಟದವೇ. ಅದಕ್ಕೆ ಇಬ್ಬರೂ ಹೆಚ್ಚಾಗಿ ಚಿತ್ರ ಬರೆದು ಕಳಿಸುತ್ತಿದ್ದೆವು. ಒಂದು ಕಾಗದದಲ್ಲಿ ವಿಚಿತ್ರ ಎಂಜಿನ್ನೊಂದರ ಚಿತ್ರವಿತ್ತು. ಮುಂದೆ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು. ಅದಕ್ಕೆ ವಿಮಾನದ ಮೂತಿಯ ಫ್ಯಾನು ತಿರುಗಿಸುವ ಕೆಲಸವಿಲ್ಲ. ಹಿಂದಿರುವ ಚಕ್ರವನ್ನು ತಿರುಗಿಸಿ ಗಾಳಿಯನ್ನು ಒತ್ತಬೇಕು. ಆ ಗಾಳಿಗೆ ಪೆಟ್ರೋಲ್ ಚಿಮ್ಮಿಸಿ ಹೊತ್ತಿಸಿದರೆ ಹಿಂದಿನ ಕೊಳವೆಯಿಂದ ಬೆಂಕಿ ನುಗ್ಗಿ ವಿಮಾನವನ್ನು ಮುಂದೆ ತಳ್ಳಬೇಕು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಜಪಾನಿನವರು ಮಾಡಿ ನೋಡಿದ ಪ್ರಯೋಗ, ಹೆಸರು ತ್ಸು-11. ತಮ್ಮ ಊರಿನ ಹಳೆಯ ಕಟ್ಟಡವೊಂದರಲ್ಲಿ ಒಂದು ಸಿಕ್ಕಿದೆ, ಹಿಂದಿನ ಕೊಳವೆ ಇಲ್ಲ, ಮುಂದಿನ ಭಾಗ ಅಲ್ಲಾಡುತ್ತಿಲ್ಲ ಎಂದು ಬರೆದಿದ್ದರು. ಶಾಲೆಯ ಮಕ್ಕಳು ಕೈಯಲ್ಲಿ ತಿರುಗಿಸಿ ನೋಡುವಂತಾದರೆ ಸಾಕು ಎಂಬ ಆಸೆ ಅವರದು. "ಎರಡು ವರ್ಷದಿಂದ ಒದ್ದಾಡುತ್ತಿದ್ದೇವೆ. ನೀವು ಬನ್ನಿ. ಮಜ್ಜಿಗೆ ಕೊಟ್ಟವರನ್ನೂ ಕರೆತನ್ನಿ."

ಕಾಗದ ಓದಿ ಹೇಳಿದಾಗ ಓಬಯ್ಯ ತುಸು ಹೊತ್ತು ಕುರಿಗಳನ್ನೇ ನೋಡಿದ. "ಒಂದು ಚೊಂಬು ಮಜ್ಜಿಗೆಗೆ ಜಪಾನಾ? ಆಗ್ಲಿ ನಡಿ ಅಣ್ಣ, ಬರ್ತೀನಿ."

ವಿಮಾನ ನಿಲ್ದಾಣ

ಓಬಯ್ಯ ಕಂಬಳಿ ಇಲ್ಲದೆ ಹೊರಡುವವನಲ್ಲ. ಚಳ್ಳಕೆರೆ ಸಂತೆಯಲ್ಲಿ ಹೊಸದೊಂದು ತೆಗೆದುಕೋ ಎಂದರೆ ಕೇಳಲಿಲ್ಲ. ದಿನಾ ಕುರಿಗಳ ಜೊತೆ ಹೊದೆಯುವ ಕಂಬಳಿಯನ್ನೇ ಮಡಚಿ ಹೆಗಲಿಗೆ ಹಾಕಿದ. ಟೋಕಿಯೊದಲ್ಲಿ ಸಾಮಾನು ತೆಗೆದುಕೊಳ್ಳುವ ಜಾಗದಲ್ಲಿ ಜೋಲುಕಿವಿಯ ನಾಯಿಯೊಂದನ್ನು ಹಿಡಿದು ಅಧಿಕಾರಿಣಿಯೊಬ್ಬಳು ಓಡಾಡುತ್ತಿದ್ದಳು. ನಾಯಿ ನೂರು ಜನರನ್ನು ದಾಟಿ ನೆಟ್ಟಗೆ ಓಬಯ್ಯನ ಮುಂದೆ ಬಂದು ಕೂತುಬಿಟ್ಟಿತು. ಮಾಂಸ ತಂದವರನ್ನು ಹಿಡಿದುಕೊಡುವ ನಾಯಿ ಅದು. ಅವನಿಗೇನು ಗೊತ್ತು, ಬಗ್ಗಿ ಅದರ ಕಿವಿ ಸವರಿದ.

"ಏನ್ಲೇ, ನಮ್ಮ ಹಟ್ಟಿ ವಾಸನೆ ಹತ್ತಿತಾ ನಿಂಗೆ?"

ಚೀಲವನ್ನೆಲ್ಲ ಬಿಚ್ಚಿಸಿದರು. ಶೇಂಗಾ ಚಟ್ನಿಪುಡಿ ಮೂಸಿದರು, ರಾಗಿ ಹಿಟ್ಟು ಮೂಸಿದರು. ಕೊನೆಗೆ ಕಂಬಳಿಯನ್ನು ಹರವಿ ನೋಡಿ, ಇದರಲ್ಲಿ ಏನಿದೆ ಎಂದು ಆಕೆ ಕೇಳಿದಳು. ನಾನು "ಶೀಪ್" ಎಂದೆ. ಆಕೆ ಇನ್ನೊಮ್ಮೆ ಒಳಗೆ ಕೈಹಾಕಿ ಹುಡುಕಿದಳು. ಕುರಿ ಸಿಗಲಿಲ್ಲ. ನಕ್ಕು, ತಲೆಬಾಗಿಸಿ, ನಮಗಿಂತ ನೀಟಾಗಿ ಕಂಬಳಿ ಮಡಚಿ ಕೊಟ್ಟಳು.

ಮೊರಿತಾ ಅವರ ಮನೆ

ಗುಡ್ಡಗಳ ನಡುವಿನ ಸಣ್ಣ ಊರು. ಒಂದು ಕಾಲಕ್ಕೆ ಮನೆಮನೆಯಲ್ಲೂ ರೇಷ್ಮೆ ಹುಳು ಸಾಕುತ್ತಿದ್ದರಂತೆ, ನೂಲು ತೆಗೆಯುವ ಕಾರ್ಖಾನೆಯೂ ಇತ್ತಂತೆ. ಈಗ ಹಿಪ್ಪುನೇರಳೆ ಗಿಡಗಳು ಬೇಲಿಯ ಬದಿಯಲ್ಲಿ ಯಾರಿಗೂ ಬೇಡವಾಗಿ ಬೆಳೆದುಕೊಂಡಿವೆ. ನಮ್ಮ ಮೊಳಕಾಲ್ಮೂರಿನ ಓಣಿಯಲ್ಲಿ ಮಗ್ಗದ ಸದ್ದು ಕೇಳದೆ ನಾಲ್ಕು ಹೆಜ್ಜೆ ನಡೆಯಲಾಗದು. ಇಲ್ಲಿ ನಮ್ಮ ಚಪ್ಪಲಿಯ ಸದ್ದು ನಮಗೇ ಕೇಳುತ್ತಿತ್ತು.

ಮನೆಯಲ್ಲಿ ಇದ್ದವರು ಮೊರಿತಾ ಮತ್ತು ಅವರ ತಾಯಿ ಕಿಯೊ, ಇಬ್ಬರೇ. ತಾಯಿಗೆ ತೊಂಬತ್ತು ದಾಟಿದೆ. ಬೆನ್ನು ಬಾಗಿಲ್ಲ. ಮೊಳಕಾಲ್ಮೂರಿನ ರೇಷ್ಮೆ ವಸ್ತ್ರವೊಂದನ್ನು ಕೊಟ್ಟೆ. ಅವರು ಬಣ್ಣ ನೋಡುವ ಮೊದಲು ಅಂಚಿನ ಎಳೆಯನ್ನು ಉಗುರಿನಿಂದ ಎತ್ತಿ ನೋಡಿದರು. ಆಮೇಲೆ ನನ್ನ ಕೈಗಳನ್ನೂ ಹಾಗೆಯೇ ನೋಡಿದರು.

ಅಡುಗೆ ಮಾಡುವವರು ಮೊರಿತಾ. ನನಗೆ ಹಂದಿ ಆಗದೆಂದು ಕಾಗದದಲ್ಲೇ ತಿಳಿದಿದ್ದರಿಂದ ಮೊದಲ ದಿನ ಪ್ರೀತಿಯಿಂದ ಕೋಳಿ ಬೇಯಿಸಿದ್ದರು. ಓಬಯ್ಯನ ಮನೆತನದಲ್ಲಿ ಕೋಳಿಯನ್ನು ಮುಟ್ಟುವುದಿಲ್ಲ. ನಾನೂ ಹಲಾಲ್ ಅಲ್ಲದ ಮಾಂಸ ತಿನ್ನುವುದಿಲ್ಲ. ಇಬ್ಬರೂ ತಟ್ಟೆ ನೋಡುತ್ತ ಕೂತೆವು.

"ಒಬ್ಬಂಗೆ ಹಂದಿ ಆಗಲ್ಲ, ಇನ್ನೊಬ್ಬಂಗೆ ಕೋಳಿ ಆಗಲ್ಲ. ನಮ್ಮನ್ನ ಕರ್ದು ಈ ಮನ್ಷ ಕೆಟ್ಟ ಬಿಡಣ್ಣ," ಎಂದ ಓಬಯ್ಯ.

ಮೀನು ಇಬ್ಬರಿಗೂ ಆಗುತ್ತದೆ ಎಂದಾಗ ಮೊರಿತಾ ನಿಟ್ಟುಸಿರಿಟ್ಟರು. ಅಲ್ಲಿಂದ ಮುಂದೆ ಬೆಳಿಗ್ಗೆ ಮೀನು, ಮಧ್ಯಾಹ್ನ ಮೀನು, ಸಂಜೆ ಮೀನು. ನಾಲ್ಕನೆಯ ದಿನ ಓಬಯ್ಯ ಅಡುಗೆಮನೆಗೆ ನುಗ್ಗಿ ರಾಗಿ ಮುದ್ದೆ ತೊಳಸಿದ. ಕಿಯೊ ಅದನ್ನು ತಮ್ಮ ಊಟದ ಜೋಡಿ ಕಡ್ಡಿಯಲ್ಲಿ ಹಿಡಿಯಲು ಹೋಗಿ ಸೋತು, ಕೈಯಲ್ಲೇ ಮುರಿದು ಅಗಿಯತೊಡಗಿದರು. "ಅಗೀಬ್ಯಾಡ್ರವ್ವ, ನುಂಗ್ರಿ," ಎಂದು ಓಬಯ್ಯ ಗಂಟಲು ತೋರಿಸಿ ಕಲಿಸಿದ.

ಹಳೆಯ ರೇಷ್ಮೆ ಕಾರ್ಖಾನೆ

ಎಂಜಿನ್ನು ಇದ್ದದ್ದು ಆ ಹಳೆಯ ನೂಲಿನ ಕಾರ್ಖಾನೆಯಲ್ಲಿ. ನಗರಗಳ ಮೇಲೆ ಬಾಂಬು ಬೀಳತೊಡಗಿದಾಗ ಎಂಜಿನ್ನಿನ ಕೆಲಸವನ್ನು ಇಂಥ ಊರುಗಳಿಗೆ ಸಾಗಿಸಿದ್ದರಂತೆ. ನೆಲ ಒರೆಸಿದಂತಿತ್ತು, ಹತಾರಗಳು ಸಾಲಾಗಿ ತೂಗುತ್ತಿದ್ದವು. ನನ್ನ ಶೆಡ್ಡು ನೆನಪಾಗಿ ನಾಚಿಕೆಯಾಯಿತು.

ಎಂಜಿನ್ನು ಸ್ಟ್ಯಾಂಡಿನ ಮೇಲಿತ್ತು. ನಾನು ಒಂದು ಸುತ್ತು ಬಂದೆ. ಸಿಲಿಂಡರುಗಳು ನೆಲದ ಕಡೆಗೆ ನೇತಾಡುತ್ತಿದ್ದವು. ಇಷ್ಟು ಓದಿದವರು ಎಂಜಿನ್ನನ್ನು ತಲೆಕೆಳಗೆ ಇಟ್ಟಿದ್ದಾರಲ್ಲ ಎಂದುಕೊಂಡು, ಆದಷ್ಟು ಮರ್ಯಾದೆಯಿಂದ, "ಮೊದಲು ಇದನ್ನು ನೆಟ್ಟಗೆ ನಿಲ್ಲಿಸೋಣ" ಎಂದೆ. ಮೊರಿತಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅದು ಇರುವುದೇ ಹಾಗೆ. ವಿಮಾನದಲ್ಲಿ ಸಿಲಿಂಡರು ಕೆಳಮುಖವಾಗಿಯೇ ಕೂರಬೇಕು.

ಸಾವಿರಾರು ಮೈಲು ಹಾರಿ ಬಂದು ಮೊದಲ ಮಾತಿಗೇ ಮುಖಭಂಗ. ಸುಮ್ಮನೆ ಒಂದು ಸ್ಟೂಲಿನ ಮೇಲೆ ಕೂತೆ. ಅವರು ಎರಡು ವರ್ಷದಿಂದ ಮಾಡಿದ್ದನ್ನೆಲ್ಲ ವಿವರಿಸಿದರು. ಪ್ಲಗ್ಗಿನ ತೂತಿನಿಂದ ಎಣ್ಣೆ ಚಿಮುಕಿಸಿದ್ದು, ಬಿಸಿ ಮಾಡಿದ್ದು, ಮತ್ತೆ ಎಣ್ಣೆ. ಕೇಳುತ್ತ ಕೇಳುತ್ತ ನನಗೆ ಹೊಳೆಯಿತು. ಕೆಳಮುಖವಾಗಿರುವ ಸಿಲಿಂಡರಿಗೆ ಎಷ್ಟು ಎಣ್ಣೆ ಬಿಟ್ಟರೂ ಅದು ತಳದಲ್ಲೇ ನಿಲ್ಲುತ್ತದೆ. ಪಿಸ್ಟನ್ನು ಹಿಡಿದುಕೊಂಡಿರುವುದು ಮೇಲೆ. ಎಣ್ಣೆ ಅಲ್ಲಿಗೆ ಹತ್ತುವುದಾದರೂ ಹೇಗೆ?

"ಇಲ್ಲಿ ವಿಮಾನ ಇಲ್ಲವಲ್ಲ," ಎಂದೆ. "ಈಗ ಇದನ್ನು ಮಗುಚಿ."

ಮೊರಿತಾ ನನ್ನನ್ನು ನೋಡಿದರು, ಎಂಜಿನ್ನನ್ನು ನೋಡಿದರು, ಹಣೆಗೆ ಅಂಗೈ ಬಡಿದುಕೊಂಡರು. ಚೈನ್ ಪುಲ್ಲಿ ಹಾಕಿ ಎಂಜಿನ್ನನ್ನು ಮಗುಚಿದೆವು. ಸೀಮೆಎಣ್ಣೆಗೆ ತೆಳು ಎಣ್ಣೆ ಬೆರೆಸಿ ನಾಲ್ಕೂ ತೂತುಗಳಿಗೆ ತುಂಬಿದೆ.

"ಇನ್ನೇನ್ ಮಾಡ್ಬೇಕಣ್ಣ?" ಎಂದ ಓಬಯ್ಯ.

"ಏನೂ ಇಲ್ಲ ಕಣ್ಲೇ. ಕಾಯ್ಬೇಕು."

"ಅದು ನಂಗೆ ಬರ್ತೈತೆ," ಎಂದು ಅವನು ಅಲ್ಲೇ ಕಂಬಳಿ ಹಾಸಿದ.

ಕಾದ ದಿನಗಳು

ಕಾಯುವಾಗ ಊರು ನೋಡಿದೆವು. ಬಿಸಿನೀರಿನ ಸಾರ್ವಜನಿಕ ಸ್ನಾನದ ಮನೆಯಲ್ಲಿ ಬಟ್ಟೆಯೆಲ್ಲ ಕಳಚಬೇಕು ಎಂದಾಗ ನಾನು ಬಾಗಿಲಿನಿಂದಲೇ ವಾಪಸಾದೆ. ಓಬಯ್ಯ ಹೋದ. ಕೆರೆಯಲ್ಲಿ ಈಜಿ ಬೆಳೆದವನಿಗೆ ಸಂಕೋಚವೇನು? ಕೆಂಪಗೆ ಬೆಂದು ಹೊರಬಂದು, ಒಳಗಿದ್ದ ಮುದುಕರೆಲ್ಲ ತನ್ನ ಜೊತೆ ಮಾತಾಡಿದರು ಎಂದ. ಯಾವ ಭಾಷೆಯಲ್ಲಿ ಎಂದು ಕೇಳಿದೆ. "ಅವರು ಅವರದ್ರಲ್ಲಿ, ನಾನು ತೆಲುಗಲ್ಲಿ. ಹೊರದೇಶ ಅಲ್ಲೇನಣ್ಣ, ಅದಕ್ಕೇ ತೆಲುಗು ಆಡಿದೆ."

ಒಂದು ಸಂಜೆ ಮೊರಿತಾ ನನ್ನೊಬ್ಬನನ್ನೇ ಹಳ್ಳದ ಬದಿಗೆ ನಡೆಸಿಕೊಂಡು ಹೋದರು. ಆ ಎಂಜಿನ್ನಿನ ಕೆಲಸ ಯಾಕೆ ಇಷ್ಟು ಒರಟಾಗಿದೆ ಎಂದು ನಾನು ಬೆಳಿಗ್ಗೆ ಕೇಳಿದ್ದೆ. ಅದಕ್ಕೆ ಉತ್ತರ ಕೊಡಲು ಅವರಿಗೆ ಸಂಜೆಯಾಯಿತು. ಮೂಲದಲ್ಲಿ ಅದು ತರಬೇತಿ ವಿಮಾನದ ಒಳ್ಳೆಯ ಎಂಜಿನ್ನು. ಅದನ್ನೇ ಬಳಸಿ ಈ ಪ್ರಯೋಗ ಮಾಡಿದ್ದು ಒಂದು ಪುಟ್ಟ ವಿಮಾನಕ್ಕೆ. ಆ ವಿಮಾನಕ್ಕೆ ಇಳಿಯುವ ಗಾಲಿಗಳಿರಲಿಲ್ಲ. ಮೂತಿಯಲ್ಲಿ ಸಿಡಿಮದ್ದು, ಒಳಗೆ ಒಬ್ಬ ಹುಡುಗ. ಶತ್ರುವಿನ ಹಡಗಿಗೆ ಹೋಗಿ ಬಡಿಯಬೇಕು, ಅಷ್ಟೇ.

"ಹೋಗುವುದಕ್ಕೆ ಮಾತ್ರ," ಎಂದರು ಮೊರಿತಾ.

ನಲವತ್ತು ವರ್ಷದಿಂದ ನಾನು ಮಾಡಿಕೊಂಡು ಬಂದಿರುವುದು ಒಂದೇ ಕೆಲಸ, ಎಂಜಿನ್ನು ಇನ್ನೊಂದಷ್ಟು ದಿನ ಬಾಳುವಂತೆ ನೋಡುವುದು. ಒಂದೇ ಸಲ ಓಡಲೆಂದು ಮಾಡಿದ ಎಂಜಿನ್ನನ್ನು ಕಂಡಿರಲಿಲ್ಲ. ಆ ರಾತ್ರಿ ಓಬಯ್ಯನಿಗೆ ಹೇಳಿದೆ. ಅವನು, "ಆ ಹುಡುಗರಿಗೂ ಅವ್ವದೀರು ಇದ್ರಲ್ಲಣ್ಣ," ಎಂದ.

ಮಾರನೆಯ ದಿನ ಎಂಜಿನ್ನಿನ ಶಾಫ್ಟಿಗೆ ಉದ್ದನೆಯ ಪಾನಾ ಹಾಕಿ ಮೆಲ್ಲಗೆ ಭಾರ ಬಿಟ್ಟೆ. ಎಲ್ಲೋ ಒಳಗೆ 'ಟಕ್' ಎಂದಿತು. ಬೆರಳಿನ ಅಗಲದಷ್ಟು ಜರುಗಿತು. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಊಟದ ಹೊತ್ತಿಗೆ ಒಂದು ಪೂರ್ತಿ ಸುತ್ತು. ಮೊರಿತಾ ಕೂಗಲಿಲ್ಲ, ಕುಣಿಯಲಿಲ್ಲ. ಟೊಪ್ಪಿಗೆ ತೆಗೆದು ಎಂಜಿನ್ನಿಗೆ ತಲೆಬಾಗಿದರು.

ಬೇರಿಂಗುಗಳನ್ನು ಬಿಚ್ಚಿ ನೋಡಿದೆ, ಗೀರು ಬಿದ್ದಿರಲಿಲ್ಲ. ಆಮೇಲೆ ಎಣ್ಣೆ ಪಂಪು ಬಿಚ್ಚಿದೆ. ಎಂಜಿನ್ನಿನ ಮೈಯೊಳಗೆಲ್ಲ ಎಣ್ಣೆ ಕಳಿಸುವ, ಮುಷ್ಟಿ ಗಾತ್ರದ ಪಂಪು ಅದು. ಬಾಯಿಗೆ ಅಂಗೈ ಅಗಲದ ಒಂದು ಮುಚ್ಚಳ. ಸಂಜೆ ಊಟಕ್ಕೆ ಕೂತಾಗ ಮೊರಿತಾ ಅಂದಿನ ಕೆಲಸವನ್ನು ತಾಯಿಗೆ ವಿವರಿಸಿದರು. ಪಂಪಿನ ಮಾತು ಬಂದಾಗ ಕಿಯೊ ಕಡ್ಡಿಗಳನ್ನು ಕೆಳಗಿಟ್ಟು ಎದ್ದು ಹೋದರು.

ಕಿಯೊ ಅವ್ವ

ಬೆಳಿಗ್ಗೆ ಅವರು ಮಗನ ತೋಳು ಹಿಡಿದು ಕಾರ್ಖಾನೆಗೆ ಬಂದರು. ಆ ಕಟ್ಟಡದೊಳಗೆ ತಾಯಿ ಕಾಲಿಟ್ಟದ್ದನ್ನು ಹುಟ್ಟಿದಾಗಿನಿಂದ ನೋಡಿಲ್ಲ ಎಂದು ಮೊರಿತಾ ನನ್ನ ಕಿವಿಯಲ್ಲಿ ಹೇಳಿದರು. ಕಿಯೊ ಪಂಪಿನ ಮುಚ್ಚಳವನ್ನು ಕೇಳಿ ತೆಗೆದುಕೊಂಡು, ಅದರ ಬೆನ್ನಿನ ಮೇಲೆ ಹೆಬ್ಬೆರಳು ಓಡಿಸಿದರು. ಒಂದು ಮೂಲೆಯಲ್ಲಿ ಬೆರಳು ನಿಂತಿತು.

"ಹದಿನೇಳು."

ನೋಡಿದರೆ ನಿಜವಾಗಿಯೂ ಅಲ್ಲಿ ಹದಿನೇಳು ಎಂದು ಪಂಚು ಹೊಡೆದಿತ್ತು.

ಅವರು ಸ್ಟೂಲಿನ ಮೇಲೆ ಕೂತು ಮಾತಾಡಿದರು. ಮೊರಿತಾ ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿದರು, ನಾನು ಓಬಯ್ಯನಿಗೆ ಕನ್ನಡದಲ್ಲಿ ಹೇಳಿದೆ.

ಯುದ್ಧದ ಕೊನೆಯಲ್ಲಿ ಶಾಲೆ ನಿಲ್ಲಿಸಿ ಹುಡುಗಿಯರನ್ನು ಈ ಕಾರ್ಖಾನೆಗೆ ಕರೆತಂದರು. ಕಿಯೊಗೆ ಆಗ ಹದಿನಾಲ್ಕು. ಅವರ ಕೆಲಸ ಪಂಪಿನ ಮುಚ್ಚಳಕ್ಕೆ ಅರ ಹಾಕಿ, ಅಂದರೆ ಒರಟು ಮೈಯ ಉಕ್ಕಿನ ಪಟ್ಟಿಯಿಂದ ಉಜ್ಜಿ, ಸಮ ಮಾಡುವುದು. ಕನ್ನಡಿಯಂಥ ಸಮತಟ್ಟು ಕಬ್ಬಿಣದ ಫಲಕಕ್ಕೆ ನೀಲಿ ಬಣ್ಣ ಸವರಿ, ಮುಚ್ಚಳವನ್ನು ಅದರ ಮೇಲೆ ಮೆಲ್ಲಗೆ ಉಜ್ಜಬೇಕು. ಉಬ್ಬಿದ ಕಡೆ ಮಾತ್ರ ನೀಲಿ ಹತ್ತುತ್ತದೆ. ಮುಚ್ಚಳದ ತುಂಬ ನೀಲಿ ಹತ್ತುವವರೆಗೆ ಅರ ಹಾಕಬೇಕು. ಪ್ರತಿ ಹುಡುಗಿಗೂ ಒಂದು ನಂಬರು, ಅವರದು ಹದಿನೇಳು. ಒಂದು ದಿನ ಜ್ವರ. ಕೈಯಲ್ಲಿ ಬಲವಿಲ್ಲ, ಮೇಲ್ವಿಚಾರಕ ಅವಸರ ಮಾಡುತ್ತಿದ್ದಾನೆ. ಅಂದು ಆ ಹುಡುಗಿ ಬೆರಳಿನಿಂದಲೇ ನೀಲಿಯನ್ನು ಮುಚ್ಚಳದ ತುಂಬ ಸವರಿ ಕೊಟ್ಟುಬಿಟ್ಟಳು. ಪಾಸಾಯಿತು. ಅಂಥವು ಒಂದಲ್ಲ, ಆ ದಿನ ಪೂರ್ತಿ.

ಕೆಲವೇ ದಿನಕ್ಕೆ ಸುದ್ದಿ ಬಂತು: ಪರೀಕ್ಷೆಗೆ ಹಾರಿಸಿದ ವಿಮಾನ ಬಿತ್ತು, ಓಡಿಸುತ್ತಿದ್ದವನು ಸತ್ತ.

ಇಲ್ಲಿಗೆ ಬಂದಾಗ ಮೊರಿತಾ ಅವರ ಇಂಗ್ಲಿಷು ನಿಂತಿತು. "ಇದು ನನಗೂ ಗೊತ್ತಿರಲಿಲ್ಲ," ಎಂದು ನನಗೆ ಹೇಳಿ, ತಾಯಿಯ ಕಡೆ ತಿರುಗಿ ಏನೋ ಅಂದರು. ಆಮೇಲೆ ಆ ಮಾತನ್ನೂ ತಿಳಿಸಿದರು. ವಿಮಾನ ಬಿದ್ದದ್ದಕ್ಕೆ ಪುಸ್ತಕಗಳಲ್ಲಿ ಬೇರೆ ಕಾರಣ ಇದೆ, ಎಂಜಿನ್ನಿನ ತಪ್ಪೇ ಅಲ್ಲ ಎಂದು ಮೊರಿತಾ ಹೇಳಿದರಂತೆ. ತಾಯಿ ಕೇಳಿದರಂತೆ: "ಪುಸ್ತಕ ಬರೆದವರು ನನ್ನ ಮುಚ್ಚಳ ನೋಡಿದ್ದಾರಾ?"

ಆಮೇಲೆ ಕಿಯೊ ನನ್ನನ್ನೇ ನೋಡುತ್ತ ಹೇಳಿದರು: "ಇಲ್ಲಿನವರು ನನ್ನ ವಯಸ್ಸು ನೋಡಿ ಚೆನ್ನಾಗಿದೆ ಅನ್ನುತ್ತಾರೆ. ನೀವು ಹೊರಗಿನವರು. ಪರೀಕ್ಷೆ ಮಾಡಿ ಹೇಳಿ."

ಫಲಕಕ್ಕೆ ನೀಲಿ ಸವರಿದೆ. ಮುಚ್ಚಳವನ್ನು ಇಟ್ಟು ಉಜ್ಜಿದೆ, ಎತ್ತಿ ತಿರುಗಿಸಿದೆ. ಎರಡು ಅಂಚಿನಲ್ಲಿ ನೀಲಿ ಹತ್ತಿತ್ತು, ಒಂದು ಮೂಲೆಯಲ್ಲಿ ಒಂದಿಷ್ಟು. ನಡುವೆ ಬರೀ ಬಿಳಿ ಲೋಹ.

ಓಬಯ್ಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಅಣ್ಣ, ಚೆನ್ನಾಗೈತೆ ಅಂದ್ಬಿಡು. ಈ ವಯಸ್ಸಿನಾಗೆ ಆ ಜೀವಕ್ಕೆ ಯಾಕೆ ನೋವು?" ಎಂದ.

ಅನ್ನಬಹುದಿತ್ತು. ಆದರೆ ಅವರು ತಮ್ಮ ಕಣ್ಣನ್ನು ಮುಚ್ಚಳದಿಂದ ತೆಗೆದಿರಲಿಲ್ಲ. ಈ ಕೆಲಸ ಬಲ್ಲ ಕಣ್ಣು ಅದು.

"ಸಮ ಇಲ್ಲ ಅವ್ವ," ಎಂದೆ, ಕನ್ನಡದಲ್ಲೇ. ಮೊರಿತಾಗೆ ಇಂಗ್ಲಿಷಿನಲ್ಲಿ ಹೇಳುವ ಮೊದಲೇ ಕಿಯೊ ತಲೆಯಾಡಿಸಿದರು.

"ಆದ್ರೆ ಇನ್ನೊಂದು ಮಾತು ಕೇಳ್ರಿ," ಎಂದು ಅವರನ್ನು ಎಂಜಿನ್ನಿನ ಹತ್ತಿರ ಕರೆದುಕೊಂಡು ಹೋದೆ. ಹೊಗೆ ಹೋಗುವ ದಾರಿಯಲ್ಲಿ ಹಿಡಿದಿದ್ದ ಮಸಿಯನ್ನು ಬೆರಳಿಗೆ ಹಚ್ಚಿ ತೋರಿಸಿದೆ. ಬೇರಿಂಗುಗಳನ್ನು ಒಂದೊಂದಾಗಿ ಅವರ ಅಂಗೈ ಮೇಲಿಟ್ಟೆ. "ಈ ಎಂಜಿನ್ನು ಓಡಿದೆ, ಇದೇ ಮುಚ್ಚಳ ಹಾಕಿಕೊಂಡು ಓಡಿದೆ. ಎಣ್ಣೆ ಸಾಲದೆ ಹೋಗಿದ್ದರೆ ಮೊದಲು ಕೆಡುವುದು ಇವೇ. ಸವರಿ ನೋಡಿ, ಒಂದು ಗೀರೂ ಇಲ್ಲ. ಈ ಮುಚ್ಚಳದಿಂದ ಎಣ್ಣೆ ಸ್ವಲ್ಪ ಸೋರುತ್ತದೆ. ಅದೇ ನಮ್ಮ ಊರಿನ ಪಂಪ್‌ಸೆಟ್ಟಾಗಿದ್ದರೆ ಒಂದು ವರ್ಷದಲ್ಲಿ ಕೆಡುತ್ತಿತ್ತು. ಈ ಎಂಜಿನ್ನು ಓಡಬೇಕಾಗಿದ್ದಷ್ಟು ಹೊತ್ತಿಗೆ ಈ ಸೋರಿಕೆ ಏನೂ ಅಲ್ಲ."

ಮೊರಿತಾ ಅದನ್ನು ನಿಧಾನವಾಗಿ ತಿಳಿಸಿದರು. ಕಿಯೊ ಬೇರಿಂಗನ್ನು ಹೆಬ್ಬೆರಳಿನಿಂದ ಸವರುತ್ತಲೇ ಇದ್ದರು. ಆಮೇಲೆ ಹೇಳಿದರು:

"ಎಷ್ಟು ಹೊತ್ತಿಗೆ ಎಂದು ಹುಡುಗಿಯರಿಗೆ ಯಾರೂ ಹೇಳಿರಲಿಲ್ಲ. ಓಡಿಸುವವನು ಸುಖವಾಗಿ ವಾಪಸು ಬರಲಿ ಎಂದು ಮನಸ್ಸಿನಲ್ಲೇ ಹೇಳಿಕೊಂಡು ನಾವು ಅರ ಹಾಕುತ್ತಿದ್ದೆವು."

ಓಬಯ್ಯ ಮುಖ ತಿರುಗಿಸಿಕೊಂಡ. ಕಿಯೊ ಅಳಲಿಲ್ಲ. ಸೆರಗಿಲ್ಲದ ಆ ಉಡುಪಿನ ತೋಳನ್ನು ಮೊಣಕೈವರೆಗೆ ಮಡಚಿ, ಕೈ ಚಾಚಿ ಅರ ಕೇಳಿದರು.

ಮೊರಿತಾ ತಡವರಿಸಿದರು. ಹಳೆಯ ವಸ್ತುವನ್ನು ಬಿಚ್ಚಿ ಒರೆಸಬಹುದು, ಅದರ ಆಕಾರ ಮಾತ್ರ ಬದಲಿಸಬಾರದು ಎಂಬುದು ಈ ಎಂಜಿನ್ನಿಗಾಗಿ ಅವರೂ ಅವರ ಗೆಳೆಯರೂ ಸೇರಿ ಮಾಡಿಕೊಂಡ ನಿಯಮ. ತಾಯಿಯ ಚಾಚಿದ ಕೈಯನ್ನು ಒಂದು ಕ್ಷಣ ನೋಡಿದರು. ಹೋಗಿ ಗೋಡೆಯಿಂದ ಅರ ತೆಗೆದು ತಂದರು.

ಮುಚ್ಚಳವನ್ನು ಮೇಜಿಗೆ ಬಿಗಿದಿದ್ದ ವೈಸಿನ ಹಿಡಿತಕ್ಕೆ ಕಚ್ಚಿಸಿದೆ. ಹಿಡಿ ಅವರ ಕೈಯಲ್ಲಿ, ಅರದ ತುದಿ ನನ್ನ ಕೈಯಲ್ಲಿ. ಒತ್ತಡ ನನ್ನದು, ದಿಕ್ಕು ಅವರದು. ನಾಲ್ಕು ಸಲ ಎಳೆದರೆ ಒಮ್ಮೆ ದಣಿವು ಆರಿಸಿಕೊಳ್ಳುತ್ತಿದ್ದರು. ಓಬಯ್ಯ ಬಿಸಿ ಚಹಾ ತಂದುಕೊಟ್ಟು, ಅವರ ಬೆನ್ನಿಗೆ ಕಂಬಳಿ ಹೊದಿಸಿದ. ಕೊನೆಕೊನೆಗೆ ಅವರು ನನ್ನ ಕೈ ಸರಿಸಿ, ನುಣುಪು ಉಪ್ಪುಕಾಗದ ತೆಗೆದುಕೊಂಡು ಒಬ್ಬರೇ ಉಜ್ಜತೊಡಗಿದರು. ಮಧ್ಯಾಹ್ನವಾಯಿತು. ಮುಚ್ಚಳವನ್ನು ನೀಲಿಯ ಮೇಲೆ ಉಜ್ಜಿ ಎತ್ತಿ, ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು.

ನಾನು ಬೆಳಕಿಗೆ ಹಿಡಿದು ನೋಡಿದೆ. ಒಂದು ಮೂಲೆಯಲ್ಲಿ ಕಡ್ಲೆಕಾಳಿನಷ್ಟು ಜಾಗ ಇನ್ನೂ ಬೆಳ್ಳಗಿತ್ತು. ಬೆರಳಿಟ್ಟು ತೋರಿಸಿ ವಾಪಸು ಕೊಟ್ಟೆ. ಮೊರಿತಾ ಗಾಬರಿಯಿಂದ ನನ್ನ ಕಡೆ ನೋಡಿದರು. ಕಿಯೊ ಅವ್ವ ಮೊದಲ ಸಲ ನಕ್ಕರು. ತಲೆಬಾಗಿಸಿ, ಮತ್ತೆ ಉಜ್ಜಲು ಕೂತರು.

ಎರಡನೆಯ ಸಲ ಮುಚ್ಚಳದ ಅಂಚಿನಿಂದ ಅಂಚಿಗೆ ನೀಲಿ.

"ಪಾಸ್," ಎಂದೆ.

ಅವರು ಅದನ್ನು ಒರೆಸಿ ತಾವೇ ಪಂಪಿನ ಬಾಯಿಗೆ ಕೂರಿಸಿದರು. ಮೊದಲನೆಯ ಬೋಲ್ಟನ್ನು ನೀಲಿ ಹತ್ತಿದ ಬೆರಳುಗಳಿಂದ ಆಗುವಷ್ಟು ತಿರುಗಿಸಿ, ಪಾನಾವನ್ನು ಮಗನ ಕೈಗೆ ಕೊಟ್ಟರು. ಅದನ್ನೂ ಉಳಿದ ಮೂರು ಬೋಲ್ಟುಗಳನ್ನೂ ಮೊರಿತಾ ಬಿಗಿದರು.